ಸಮುದ್ರಕ್ಕೆ ಹೋದ ಅಕ್ಕಲಕೋಟೆ ಬಸ್ಸು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬೆಳಿಗ್ಗೆ ಏಳಕ್ಕೆ ಹೊರಡುವ ಎಸ್.ಟಿ. ಬಸ್ಸಿಗೆ ಯಾರಾದರೂ ಹೊಸಬರು ಹತ್ತಿದರೆ ನಮಗೆ ಕೂಡಲೇ ತಿಳಿಯುತ್ತಿತ್ತು. ಅವರು ಖಾಲಿ ಕಂಡ ಸೀಟಿನಲ್ಲಿ ಕೂತುಬಿಡುತ್ತಿದ್ದರು. ದಿನನಿತ್ಯದ ಮಂದಿ ಹಾಗೆ ಕೂಡುವವರಲ್ಲ. ತಹಶೀಲ ಕಚೇರಿಯ ಕಾರಕೂನ ಪಂಢರಿನಾಥ ಮಂದ್ರೂಪಕರರಿಗೆ ಬಾಗಿಲಿಗೆ ಹತ್ತಿದ ಸೀಟು. ಅವರು ಅಲ್ಲಿ ಕೂತು ವರ್ತಮಾನಪತ್ರಿಕೆಯನ್ನು ಹಿಂದಿನ ಪುಟದಿಂದ ಓದಲು ಶುರುಮಾಡಿ, ವಳಸಂಗ ಬರುವ ಹೊತ್ತಿಗೆ ಮುಂದಿನ ಪುಟಕ್ಕೆ ಬಂದು ಮಡಿಚಿಡುತ್ತಿದ್ದರು. ನನಗೆ ಎಡಗಡೆಯ ಮೂರನೆಯ ಕಿಟಕಿ. ನಾನು ವರದಾ. ಅಕ್ಕಲಕೋಟೆಯ ಕನ್ನಡ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಕಿಟಕಿ ನನ್ನದಾಗಿದ್ದರೂ ನಾನು ಹೊರಗೆ ನೋಡುತ್ತಿರಲಿಲ್ಲ. ಕುಂಭಾರಿ ದಾಟುವಷ್ಟರಲ್ಲಿ ನನಗೆ ನಿದ್ದೆ ಹತ್ತುತ್ತಿತ್ತು.

ಈ ಬಸ್ಸನ್ನು ನಡೆಸುತ್ತಿದ್ದವನು ತುಕಾರಾಮ ಶಿವಶರಣ. ಮಂಗಳವೇಢೆ ಕಡೆಯ ಮರವಡೆಯವನು. ಎಸ್.ಟಿ.ಯಲ್ಲಿ ನೌಕರಿ ಸಿಕ್ಕ ಮೇಲೆ ಹೆಂಡತಿ ಭಾಗಾಬಾಯಿಯೊಡನೆ ಸೊಲ್ಲಾಪುರಕ್ಕೆ ಬಂದು, ವಿಜಾಪುರ ರಸ್ತೆಯಲ್ಲಿ ನಮ್ಮ ಓಣಿಯ ಪಕ್ಕದ ಓಣಿಯಲ್ಲಿ ಮನೆ ಮಾಡಿಕೊಂಡಿದ್ದ. ಎತ್ತರದ ಆಳು, ಅಗಲ ಭುಜ, ನಕ್ಕರೆ ಇಡೀ ಮುಖ ಅರಳುವಂಥವನು. ಅನೇಕ ವರ್ಷಗಳಿಂದ ಅವನಿಗೆ ಇದೇ ದಾರಿ. ಬೆಳಿಗ್ಗೆ ಅಕ್ಕಲಕೋಟೆ, ತಿರುಗಿ ಸೊಲ್ಲಾಪುರ, ಮತ್ತೆ ಅಕ್ಕಲಕೋಟೆ, ಮತ್ತೆ ಸೊಲ್ಲಾಪುರ. ಘಾಟಿಲ್ಲ, ನದಿಯಿಲ್ಲ, ಹೇಳಿಕೊಳ್ಳುವಂಥ ತಿರುವೂ ಇಲ್ಲದ ಬಯಲುದಾರಿ.

"ಗಾಡಿಗಿ ಹಾದಿ ಪಾಠ ಆಗೈತ್ರಿ ಬಾಯಾರ," ಎಂದು ಒಮ್ಮೆ ನನಗೆ ಹೇಳಿದ್ದ. "ನಾ ಸುಮ್ನ ಮ್ಯಾಲ ಕುಂತಿರ್ತೀನಿ. ನಾಳಿ ನಾ ಬರದಿದ್ರೂ ಅದ ಹೋಗಿ ಬರತೈತಿ."

ಬೇಸರಕ್ಕೆ ನಮ್ಮ ಕಡೆ ಕಂಟಾಳಾ ಎನ್ನುತ್ತಾರೆ. ತುಕಾರಾಮನಿಗೆ ಕಂಟಾಳಾ ಬಹಳ ಬೇಗ ಬರುತ್ತಿತ್ತು. ಅದನ್ನು ಓಡಿಸಲು ಅವನು ಏನಾದರೊಂದು ಹೊಸದನ್ನು ಹುಡುಕುತ್ತಲೇ ಇರುತ್ತಿದ್ದ. ಒಂದು ತಿಂಗಳು ದಪ್ಪ ಮೀಸೆ, ಮರುತಿಂಗಳು ಗೆರೆಯಂಥ ಮೀಸೆ, ಆಮೇಲೆ ಬರೀ ತುಟಿ. ಅಕ್ಕಲಕೋಟೆ ನಿಲ್ದಾಣದ ಎದುರಿಗೆ ಚಹಾದಂಗಡಿಗಳ ಸಾಲೇ ಇತ್ತು. ನಿನ್ನೆ ಕುಡಿದ ಅಂಗಡಿಯಲ್ಲಿ ಇಂದು ಕುಡಿಯುತ್ತಿರಲಿಲ್ಲ. ಕಂಡಕ್ಟರ್ ಕಲ್ಲಣ್ಣನಿಗೆ ಇದರಿಂದ ಫಜೀತಿ. ಹೊರಡುವ ಹೊತ್ತಿಗೆ ಡ್ರೈವರನನ್ನು ಯಾವ ಅಂಗಡಿಯಲ್ಲಿ ಹುಡುಕಬೇಕು ಎಂಬುದೇ ಅವನಿಗೆ ದಿನಾಲೂ ಸಮಸ್ಯೆ.

"ಎಲ್ಲಾ ಕಡೆ ಅದ ಚಹಾ, ಅದ ಹಾಲು," ಎಂದು ಕಲ್ಲಣ್ಣ ಗೊಣಗುತ್ತಿದ್ದ.

"ಹೌದಲ್ಲಪಾ, ಆದ್ರ ಕಪ್ಪು ಬ್ಯಾರೆ ಬ್ಯಾರೆ," ಎನ್ನುತ್ತಿದ್ದ ತುಕಾರಾಮ.

ಮನೆಯಲ್ಲಿ ಭಾಗಾಬಾಯಿಯದು ಇದಕ್ಕೆ ಪೂರ್ತಿ ಉಲ್ಟಾ. ಅವಳ ವಾರಕ್ಕೆ ಒಂದು ನೇಮವಿತ್ತು. ಸೋಮವಾರ ಜೋಳ ಹಸನು ಮಾಡುವುದು, ಮಂಗಳವಾರ ಹಾಸಿಗೆ ಬಿಸಿಲಿಗೆ ಹಾಕುವುದು, ರವಿವಾರ ಶೇಂಗಾ ಹುರಿದು ಖಲಬತ್ತಿನಲ್ಲಿ ಚಟ್ನಿ ಕುಟ್ಟುವುದು. ಆ ಕುಟ್ಟುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಅದನ್ನು ಕೇಳಿಯೇ ನಮ್ಮ ಅತ್ತೆ "ರವಿವಾರ ಬಂತು" ಎನ್ನುತ್ತಿದ್ದರು.

ಇಂಥವಳ ಮನೆಯಲ್ಲಿ ತುಕಾರಾಮ ಒಂದು ಸುಟ್ಟಿಯ ದಿನ, ಡ್ಯೂಟಿ ಇಲ್ಲದಾಗ, ಮಂಚವನ್ನು ಮೂಡಣ ಗೋಡೆಯಿಂದ ತೆಗೆದು ಪಡುವಣ ಗೋಡೆಗೆ ಹಾಕಿದ. ಟ್ರಂಕನ್ನು ಮಂಚವಿದ್ದ ಜಾಗಕ್ಕೆ ಸರಿಸಿದ. ಭಾಗಾಬಾಯಿ ಆಗ ಹಾಲು ತರಲು ಹೋಗಿದ್ದಳು. ಸಂಜೆ, ಕರೆಂಟು ಹೋಗಿತ್ತು. ಪಾತ್ರೆ ಹಿಡಿದುಕೊಂಡು ವರ್ಷಾನುವರ್ಷ ನಡೆದ ದಾರಿಯಲ್ಲೇ ಒಳಗೆ ನಡೆದವಳು ಟ್ರಂಕಿಗೆ ಎಡವಿದಳು. ಹಾಲೆಲ್ಲ ಟ್ರಂಕಿನ ಮೇಲೆ ಹೋಯಿತು.

"ಇದೇನ ಮಾಡೀರಿ?"

"ಮನಿ ಹೊಸಾದು ಕಾಣಲಿ ಅಂತ."

"ಕತ್ತಲದಾಗ ಹೊಸಾದೇನು, ಹಳೇದೇನು? ನನ್ನ ಕಾಲಿಗಿ ಗೊತ್ತಿರೂ ಮನಿ ನನಗಿರಲಿ. ನಿಮ್ಮ ಹೊಸ ಮನಿ ಬ್ಯಾರೆ ಕಡೆ ನೋಡ್ಕೋರಿ."

ಮಂಚ ಮರುದಿನವೇ ಹಳೆಯ ಜಾಗಕ್ಕೆ ಹೋಯಿತು. ಇನ್ನೊಮ್ಮೆ ಅವನು ಎರಡು ನಿಮಿಷದಲ್ಲಿ ಬೇಯುವ ಶ್ಯಾವಿಗೆಯ ಪಾಕೀಟು ತಂದ. ಮಗಳು ಪಿಂಕಿ ಕುಣಿದಾಡಿದಳು. ಭಾಗಾಬಾಯಿ ಅದಕ್ಕೆ ಎರಡು ಚಮಚ ಶೇಂಗಾ ಚಟ್ನಿ ಹಾಕಿ, ಒಗ್ಗರಣೆ ಕೊಟ್ಟು, "ಈಗ ತಿನ್ನೂ ಹಂಗ ಆತು" ಎಂದಳು. ಅದು ಅವಳಿಗೆ ಹಿಡಿಸಿತು. ಅಂದಿನಿಂದ ಪ್ರತಿ ಶನಿವಾರ ಸಂಜೆ ಅದೇ ಶ್ಯಾವಿಗೆ. ಮೂರು ತಿಂಗಳಾಗುವಷ್ಟರಲ್ಲಿ ತುಕಾರಾಮ ಶನಿವಾರ ಬಂತೆಂದರೆ, "ಒಂದರೆ ರೊಟ್ಟಿ ಬಡೀ" ಎಂದು ಬೇಡಿಕೊಳ್ಳತೊಡಗಿದ. ತಾನು ತಂದ ಹೊಸದನ್ನು ಹೆಂಡತಿ ಹೀಗೆ ಹಳೆಯದು ಮಾಡಿಬಿಡುತ್ತಾಳೆ ಎಂಬುದು ಅವನ ದೊಡ್ಡ ದೂರು. ಬಸ್ಸಿನಲ್ಲಿ ನಮ್ಮೆಲ್ಲರ ಮುಂದೆ ಅದನ್ನು ತೋಡಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು.

೧೯೯೪ರ ಬೇಸಿಗೆ ಮುಗಿಯುವ ಹೊತ್ತಿಗೆ ತುಕಾರಾಮನಿಗೆ ರತ್ನಾಗಿರಿಯ ಡ್ಯೂಟಿ ಸಿಕ್ಕಿತು. ಅವನೇ ಕೇಳಿ ಕೇಳಿ ಪಡೆದದ್ದು. ಮಂಗಳವೇಢೆ, ಸಾಂಗೋಲೆ, ಮೀರಜ, ಕೊಲ್ಹಾಪುರ ದಾಟಿ, ಅಂಬಾ ಘಾಟು ಇಳಿದು ಕೊಂಕಣಕ್ಕೆ. ಒಂದು ದಿನ ಹೋಗುವುದು, ರಾತ್ರಿ ಅಲ್ಲಿ ವಸತಿ, ಮರುದಿನ ಬರುವುದು.

ಅಕ್ಕಲಕೋಟೆ ದಾರಿಯ ಅವನ ಕಡೆಯ ದಿನ ಪಂಢರಿನಾಥರು ಒಂದು ತೆಂಗಿನಕಾಯಿ ಮತ್ತು ಶೇವಂತಿಗೆಯ ಹಾರ ತಂದಿದ್ದರು. ಹಾರ ಹಾಕಿ, ಕೈಗೆ ಕಾಯಿ ಕೊಟ್ಟು, "ನಮ್ಮನ್ನ ಬಿಟ್ಟು ಹೊಂಟೀರಿ. ಆಗಲಿ, ಘಾಟದಾಗ ಹುಷಾರ," ಎಂದರು.

"ನಾ ಇನ್ನೂ ಸಮುದ್ರ ನೋಡಿಲ್ರಿ ಸಾಹೇಬ್ರ," ಎಂದ ತುಕಾರಾಮ. ಆ ಮಾತು ಹೇಳುವಾಗ ಅವನ ಮುಖ ಶಾಲೆಗೆ ಸುಟ್ಟಿ ಬಿಟ್ಟ ಹುಡುಗಿಯರ ಮುಖದಂತಿತ್ತು.

ಮೊದಲ ಸುತ್ತು ಮುಗಿಸಿ ಬಂದವನು, ರಜೆಯ ದಿನವಾದರೂ ಏಳಕ್ಕೆ ನಿಲ್ದಾಣಕ್ಕೆ ಬಂದು ನಮ್ಮನ್ನು ಹಿಡಿದ. ಕೈಯಲ್ಲಿ ಬಾಟಲಿ. ಅದರಲ್ಲಿ ಸಮುದ್ರದ ನೀರು. ಬಾಟಲಿ ಸೀಟಿನಿಂದ ಸೀಟಿಗೆ ಹೋಯಿತು. ಕಲ್ಲಣ್ಣ ಅದನ್ನು ಬೆಳಕಿಗೆ ಹಿಡಿದು, "ನಮ್ಮ ನಳದ ನೀರಿನ ಹಂಗ ಐತಲ್ಲ," ಎಂದ. ಪಂಢರಿನಾಥರು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ವಿಚಾರ ಮಾಡಿ, "ಉಪ್ಪು ಹೆಚ್ಚಾಗೇದ," ಎಂದರು. ತುಕಾರಾಮ ಅಲೆಗಳ ಬಗ್ಗೆ, ಘಾಟಿನ ಮಂಜಿನ ಬಗ್ಗೆ, ಮರದ ಬುಡದಲ್ಲೇ ಜೋತಾಡುವ ಹಲಸಿನ ಬಗ್ಗೆ ಹೇಳಿದ್ದೇ ಹೇಳಿದ್ದು. ಆ ದಿನ ನಮ್ಮ ಬಸ್ಸು ತಡವಾಗಿ ಹೊರಟಿತು.

ಅತ್ತ ಭಾಗಾಬಾಯಿಯ ನೇಮ ಕುಸಿಯಿತು. ಗಂಡ ಇರುವ ದಿನ, ಇಲ್ಲದ ದಿನ ಎಂಬ ಲೆಕ್ಕ ಅವಳ ವಾರದೊಳಗೆ ಕೂಡಲಿಲ್ಲ. ಇಲ್ಲದ ದಿನವೂ ಅಷ್ಟೇ ರೊಟ್ಟಿ ಬಡಿಯುತ್ತಿದ್ದಳು. ಪಿಂಕಿ ಹೈಸ್ಕೂಲಿಗೆ ಹೋದ ಮೇಲೆ ಮನೆ ಬಣಗುಟ್ಟುತ್ತಿತ್ತು. ಒಂದು ಬುಧವಾರ ಮಧ್ಯಾಹ್ನ ಖಲಬತ್ತಿನ ಸದ್ದು ಕೇಳಿ ನಮ್ಮ ಅತ್ತೆ ಗಾಬರಿಯಾದರು. ಸಂಜೆ ನಾನು ಹೋಗಿ ಕೇಳಿದೆ.

"ಏನ ಆತು ಭಾಗಾಬಾಯಿ? ಬುಧವಾರ ಚಟ್ನಿ ಕುಟ್ಟಾಕತ್ತೀರಂತ?"

"ಏನ ಮಾಡ್ಲಿ ಬಾಯಾರ. ಮಾಡೂ ಕೆಲಸ ಎಲ್ಲಾ ಮುಗದು ಹೊತ್ತು ಉಳದಿರತೈತಿ. ಮದಲ ಹಿಂಗ ಇರಲಿಲ್ಲ. ಇವ್ರು ಹೊಸಾದು ನೋಡಾಕ ಹೋಗ್ಯಾರ, ನನ್ನ ಹಳೇದು ಕೆಟ್ಟ ಕುಂತೈತಿ."

ಆಗ ನನಗೆ ಹೊಳೆಯಿತು. ನಮ್ಮ ಶಾಲೆಯ ಹತ್ತಿರ ಹೆಣ್ಣುಮಕ್ಕಳ ವಸತಿಗೃಹವೊಂದಿತ್ತು. ಅಲ್ಲಿ ಅಡಿಗೆಯವರನ್ನು ಹುಡುಕುತ್ತಿದ್ದರು. ಹೊತ್ತಿಗೆ ಸರಿಯಾಗಿ ನಾಷ್ಟಾ, ಹೊತ್ತಿಗೆ ಸರಿಯಾಗಿ ಊಟ, ಪ್ರತಿ ವಾರಕ್ಕೂ ಗೊತ್ತಾದ ಪದಾರ್ಥ. ನಾನು ಇದನ್ನೆಲ್ಲ ಹೇಳುತ್ತಿದ್ದಂತೆ ಅವಳ ಮುಖ ಬೆಳಗಿತು. ಸಂಬಳವೆಷ್ಟು ಎಂದು ಅವಳು ಕೇಳಲಿಲ್ಲ.

"ದಿನಾ ಒಂದ ಟೈಮಿಗಿ ಹೋಗೂದು, ಒಂದ ಟೈಮಿಗಿ ಬರೂದು?" ಎಂದು ಕೇಳಿದಳು.

"ಹೂಂ."

"ಹಂಗಾದ್ರ ಬರ್ತೀನಿ."

ಹೀಗೆ ತನ್ನ ನೇಮವನ್ನು ಉಳಿಸಿಕೊಳ್ಳಲೆಂದೇ ಭಾಗಾಬಾಯಿ ಒಂದು ಸೋಮವಾರ ನಮ್ಮ ಏಳರ ಬಸ್ಸು ಹತ್ತಿದಳು. ಗಂಡ ಇಷ್ಟು ವರ್ಷ ನಡೆಸಿದ ದಾರಿಯಲ್ಲಿ ಅವಳು ಹಿಂದೆ ಹೋದದ್ದು ಒಂದೇ ಸಲ, ಅದೂ ಕೈಯಲ್ಲಿ ಜ್ವರದ ಕೂಸನ್ನು ಹಿಡಿದುಕೊಂಡು. ಅವಳನ್ನು ನಾನು ನನ್ನ ಕಿಟಕಿಯಲ್ಲಿ ಕೂಡಿಸಿದೆ. ನನ್ನ ನಿದ್ದೆ ಅಂದಿಗೆ ಮುಗಿಯಿತು.

"ಬಾಯಾರ, ಆ ಭಾಂವಿ ಮ್ಯಾಲ ಏನ ಜೋತಾಡತಾವು?"

ನೋಡಿದೆ. ಗೀಜಗನ ಗೂಡುಗಳು. ಕುಂಭಾರಿ ದಾಟಿದ ಮೇಲೆ ರಸ್ತೆಗೆ ಅಷ್ಟು ಸಮೀಪ ಬಾವಿಯೊಂದು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

"ಆ ಮುದುಕಿ ಎಮ್ಮಿ ಜೋಡಿ ಮಾತಾಡಾಕತ್ತಾಳ ಅಲ್ರಿ? ಬೈಯಾಕತ್ತಾಳೇನ ಅದಕ್ಕ?"

ಪಂಢರಿನಾಥರು ಪತ್ರಿಕೆ ಇಳಿಸಿ ನೋಡಿದರು. ಮುದುಕಿ ನಿಜಕ್ಕೂ ಎಮ್ಮೆಯ ಮುಖದ ಮುಂದೆ ಬೆರಳಾಡಿಸಿ ಬೈಯುತ್ತಿದ್ದಳು. ಎಮ್ಮೆ ಮುಖ ತಿರುಗಿಸಿಕೊಂಡು ನಿಂತಿತ್ತು.

ಮರುದಿನ ಆ ಜಾಗ ಬರುತ್ತಿದ್ದಂತೆ ಭಾಗಾಬಾಯಿ ಏನೂ ಹೇಳುವ ಮೊದಲೇ ನಾಲ್ಕು ತಲೆಗಳು ಕಿಟಕಿಯತ್ತ ತಿರುಗಿದವು. ಮುದುಕಿ ಇರಲಿಲ್ಲ. ಎಮ್ಮೆ ಒಂದೇ ಇತ್ತು. ಅವಳಿಗೆ ಏನಾಯಿತೋ ಎಂದು ಪಂಢರಿನಾಥರು ವಳಸಂಗದವರೆಗೂ ಚಿಂತೆ ಮಾಡಿದರು. ಮೂರನೆಯ ದಿನ ಮುದುಕಿ ಕಂಡಳು. ಬಸ್ಸಿನಲ್ಲಿ ಸಮಾಧಾನದ ಉಸಿರು ಹರಿದಾಡಿತು. ಶ್ರಾವಣ ಬರುವಷ್ಟರಲ್ಲಿ ಬಸ್ಸಿನಲ್ಲಿ ದಾರಿಯ ದಿನದಿನದ ಸುದ್ದಿಯೇ ಶುರುವಾಯಿತು. ಗೀಜಗನ ಮರಿಗಳು ಹಾರಿದವು. ವಳಸಂಗದಲ್ಲಿ ಒಬ್ಬರು ಮನೆಯ ಗೋಡೆಗೆ ಗಿಳಿಹಸಿರು ಬಣ್ಣ ಹಚ್ಚಿದರು, ಅರ್ಧಕ್ಕೆ ಬಣ್ಣ ಸಾಲದೆ ಉಳಿದರ್ಧಕ್ಕೆ ನೀಲಿ ಹಚ್ಚಿದರು. ಪಂಢರಿನಾಥರ ಪತ್ರಿಕೆ ಅಕ್ಕಲಕೋಟೆ ಬಂದರೂ ಹಿಂದಿನ ಪುಟದಲ್ಲೇ ಇರುತ್ತಿತ್ತು.

ತುಕಾರಾಮ ಸುಟ್ಟಿಗೆ ಮನೆಗೆ ಬಂದಾಗ ಭಾಗಾಬಾಯಿ ಇದನ್ನೆಲ್ಲ ಅವನ ಮುಂದೆ ಹೇಳುತ್ತಿದ್ದಳು. ಒಂದು ರಾತ್ರಿಯ ಸಂಭಾಷಣೆಯನ್ನು ಆಮೇಲೆ ಅವಳೇ ನನಗೆ ಒಪ್ಪಿಸಿದಳು.

"ಕುಂಭಾರಿ ಹತ್ರ ಭಾಂವಿ ಎಲ್ಲೈತಿ?" ಎಂದನಂತೆ ಅವನು.

"ರಸ್ತಾದ ಬಾಜೂಕ. ನೀವು ಇಷ್ಟ ವರ್ಷ ಹೋಗೀರಿ, ನೋಡಿಲ್ಲ?"

"ಡ್ರೈವರ್ ಮುಂದ ನೋಡ್ತಾನ. ಬಾಜೂಕ ನೋಡಿದ್ರ ನಿನ್ನ ಭಾಂವ್ಯಾಗ ಹೋಗ್ತಾನ."

"ಹೋಗ್ಲಿ ಬಿಡ್ರಿ. ಸಮುದ್ರದ ಸುದ್ದಿ ಹೇಳ್ರಿ. ಹೆಂಗೈತಿ?"

"ಐತಿ."

ಅಷ್ಟೇ ಹೇಳಿ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಭಾಗಾಬಾಯಿಗೆ ಸಂಶಯ ಬಂತು. ಬಿಡದೆ ಕೇಳಿದಾಗ ನಿಜ ಹೊರಬಿತ್ತು. ಮೊದಲಿನ ಹದಿನೈದು ದಿನ ಬಿಟ್ಟರೆ ಅವನು ಸಮುದ್ರದ ಕಡೆ ಹೋಗಿಯೇ ಇರಲಿಲ್ಲ. ಸಂಜೆ ಗಾಡಿ ಬಿಡುವುದು, ವಸತಿಯ ಕೋಣೆಯಲ್ಲಿ ಕೈಕಾಲು ತೊಳೆಯುವುದು, ಎದುರಿನ ಖಾನಾವಳಿಯಲ್ಲಿ ಅದೇ ಅನ್ನ, ಅದೇ ತಿಳಿಸಾರು ಉಂಡು ಬೀಳುವುದು. ಘಾಟಿನಲ್ಲಿ ರಸ್ತೆಯ ಬಿಳಿ ಗೆರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅಕ್ಕಲಕೋಟೆಯಲ್ಲಾದರೂ ಚಹಾದಂಗಡಿ ಬದಲಾಯಿಸಬಹುದಿತ್ತು, ಅಲ್ಲಿ ವಸತಿಯ ಹತ್ತಿರ ಇರುವುದೇ ಒಂದು.

"ಕಂಟಾಳಾ ಬಂದೈತಿ," ಎಂದ ತುಕಾರಾಮ.

ಭಾಗಾಬಾಯಿ ನಗಲಿಲ್ಲ. ಮರುದಿನವೂ ಅವನಿಗೆ ಸುಟ್ಟಿ ಇತ್ತು. ಬೆಳಿಗ್ಗೆ ಅವನನ್ನು ಎಬ್ಬಿಸಿ, "ನಡೀರಿ, ನನ್ನ ಜೋಡಿ ಅಕ್ಕಲಕೋಟಿಗಿ," ಎಂದಳು.

ತುಕಾರಾಮ ನಮ್ಮ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತದ್ದು ಅದೇ ಮೊದಲು. ಕಲ್ಲಣ್ಣ ಬಂದು ಗಂಭೀರವಾಗಿ, "ಪಾಸ್ ತೋರ್ಸ್ರಿ," ಎಂದ. ತುಕಾರಾಮ ಅಷ್ಟೇ ಗಂಭೀರವಾಗಿ ತೋರಿಸಿದ. ಭಾಗಾಬಾಯಿ ಅವನನ್ನು ಕಿಟಕಿಗೆ ಕೂಡಿಸಿ ತಾನು ಪಕ್ಕದಲ್ಲಿ ಕುಳಿತಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಕುಂಭಾರಿಯವರೆಗೆ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಎದುರಿನಿಂದ ಲಾರಿ ಬಂದರೆ ಸಾಕು, ಮೈ ಇಡೀ ಎಡಕ್ಕೆ ವಾಲುತ್ತಿತ್ತು.

"ಕಾಲ ಸುಮ್ನ ಇಡ್ರಿ," ಎಂದಳು ಭಾಗಾಬಾಯಿ. "ಅಂವ ನಡಸಾಕತ್ತಾನ. ನೀವು ಬಾಜೂಕ ನೋಡ್ರಿ."

ಅವನು ಬಾಜೂಕ ನೋಡಿದ. ಮೊದಲು ಒತ್ತಾಯಕ್ಕೆ ನೋಡುವವನಂತೆ, ಆಮೇಲೆ ಕತ್ತು ಹೊರಳಿಸಿ, ಆಮೇಲೆ ಗಾಜಿಗೆ ಹಣೆಯೂರಿ. ತೊಗರಿ ಮೊಣಕಾಲೆತ್ತರ ಬಂದಿತ್ತು. ಸೂರ್ಯಕಾಂತಿಯ ಹೊಲವೊಂದು ಇಡೀ ಮುಖವೆತ್ತಿ ಬಸ್ಸಿನ ಕಡೆಯೇ ನೋಡುತ್ತಿತ್ತು. ಬಾವಿ ಬಂತು. ಎಮ್ಮೆ ಬಂತು. ಹಸಿರು ನೀಲಿ ಗೋಡೆಯ ಮನೆ ಬಂದಾಗ ಪಂಢರಿನಾಥರು ಎದ್ದುನಿಂತು, ತಮ್ಮ ಸ್ವಂತ ಮನೆ ತೋರಿಸುವವರಂತೆ, "ನೋಡ್ರಿ, ಇದ ಅದ," ಎಂದು ಕೈ ಮಾಡಿದರು. ಸ್ವಲ್ಪ ಹೊತ್ತಿಗೆ ಬೇಲಿಯ ಹಿಂದಿನ ಒಂದು ಹುಣಸೆಮರ ಕಂಡು ತುಕಾರಾಮ ಕಲ್ಲಣ್ಣನನ್ನು ಕರೆದು ಕೇಳಿದ, "ಇದ ಯಾವಾಗ ಬಂತೋ ಇಲ್ಲಿ?"

"ನನ್ನ ಅಜ್ಜ ಹುಟ್ಟೂಕಿಂತ ಮದಲ," ಎಂದ ಕಲ್ಲಣ್ಣ.

ಅಕ್ಕಲಕೋಟೆಯಲ್ಲಿ ಇಳಿದು ತುಕಾರಾಮ ಎದುರಿನ ಅಂಗಡಿಗೆ ಹೋದ. ಚಹಾ ಕುಡಿಯುತ್ತ ಒಂದೇ ಮಾತು ಹೇಳಿದ: "ನಾ ಹನ್ನೆರಡು ವರ್ಷ ಒಂದು ಊರಿಂದ ಇನ್ನೊಂದು ಊರಿಗಿ ಹೋಗೀನಿ. ನಡುವಿನ ಊರಿಗಿ ಹೋಗೇ ಇಲ್ಲ."

"ನಿಮ್ಮ ಸಮುದ್ರಾನೂ ಹಂಗ ಆಗೈತಿ," ಎಂದಳು ಭಾಗಾಬಾಯಿ. "ಅದನ್ನ ನಾ ಬಂದು ನೋಡ್ತೀನಿ."

ಅವಳು ಇದನ್ನು ಸಹಜವಾಗಿ ಹೇಳಿದ್ದಳು. ಆದರೆ ಕಲ್ಲಣ್ಣ ಅಲ್ಲೇ ನಿಂತಿದ್ದ. ಕಲ್ಲಣ್ಣನ ಕಿವಿಗೆ ಬಿದ್ದದ್ದು ಇಡೀ ಬಸ್ಸಿಗೆ ಬಿದ್ದಂತೆ. ಸಂಜೆಯ ಬಸ್ಸಿನಲ್ಲಿ ಎಲ್ಲರೂ ಸಮುದ್ರದ ಮಾತೇ ಆಡುತ್ತಿದ್ದರು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಮುದ್ರ ನೋಡಿದವರಲ್ಲ. ಬಾಟಲಿಯಲ್ಲಿ ನೋಡಿದ್ದರು, ಅಷ್ಟೇ. ದೀಪಾವಳಿಯ ಸುಟ್ಟಿಯಲ್ಲಿ ಎಲ್ಲರೂ ಸೇರಿ ಒಂದು ವಿಶೇಷ ಬಸ್ಸು ಗೊತ್ತುಮಾಡುವುದೆಂದು ನಿಶ್ಚಯವಾಯಿತು. ಘಾಟಿನ ದಾರಿ ಬಲ್ಲವನು ಬೇಕೆಂದು ಕಲ್ಲಣ್ಣ ಡೇಪೋದಲ್ಲಿ ಕೈಮುಗಿದು, ತುಕಾರಾಮನಿಗೇ ಆ ಡ್ಯೂಟಿ ಹಾಕಿಸಿದ. ತಾನು ಕಂಡಕ್ಟರನಾಗಿ ಬಂದ.

ಹೊರಡುವ ದಿನ ಇನ್ನೂ ಮಬ್ಬು ಬೆಳಕು. ಬಸ್ಸು ಬೇರೆ, ದಾರಿ ಬೇರೆ, ಬುತ್ತಿಯ ಗಂಟುಗಳು ಬೇರೆ, ಮಕ್ಕಳುಮರಿ ಬೇರೆ. ಬಾಗಿಲು ತೆರೆದದ್ದೇ ತಡ ಪಂಢರಿನಾಥರು ಮೊದಲು ಹತ್ತಿ, ಬಾಗಿಲಿಗೆ ಹತ್ತಿದ ಸೀಟಿನಲ್ಲಿ ಕೂತು, ಪತ್ರಿಕೆ ತೆಗೆದರು. ನಾನು ಎಡಗಡೆ ಮೂರನೆಯ ಕಿಟಕಿಗೆ ಹೋದೆ. ಏಳರ ಬಸ್ಸಿನ ಇನ್ನೊಬ್ಬ ದಿನನಿತ್ಯದವನು, ಕೃಷಿ ಕಚೇರಿಯ ಮರೆಪ್ಪ, ತನ್ನ ಹೆಂಡತಿಯನ್ನೂ ಮಕ್ಕಳನ್ನೂ ಬೇರೆ ಕಡೆ ಕೂಡಿಸಿ, ತಾನೊಬ್ಬನೇ ಹಿಂದಿನ ತನ್ನ ಮೂಲೆಗೆ ನಡೆದ. ತುಕಾರಾಮ ಕನ್ನಡಿಯಲ್ಲಿ ನೋಡಿದ. ಕನ್ನಡಿಯ ತುಂಬ ಅದೇ ಮುಖಗಳು, ಅದೇ ಜಾಗಗಳಲ್ಲಿ. ಅವನು ಸ್ಟೇರಿಂಗಿಗೆ ತಲೆಯಿಟ್ಟು ಮೈಯೆಲ್ಲ ಕುಲುಕಿಸಿ ನಕ್ಕ.

"ಏನ ಆತೋ?" ಎಂದ ಕಲ್ಲಣ್ಣ.

"ಏನಿಲ್ಲ. ಅಕ್ಕಲಕೋಟಿಗಿ ಹೊಂಟೀವಿ ಅನ್ನಿಸ್ತು."

ಅಂಬಾ ಘಾಟಿನಲ್ಲಿ ಭಾಗಾಬಾಯಿ ಡ್ರೈವರನ ಹಿಂದಿನ ಸೀಟಿಗೆ ಬಂದು ಕೂತು, ಅವನಿಗೆ ಕಾಣದ್ದನ್ನು ಹೇಳುತ್ತ ಹೋದಳು. "ಈಗ ಎಡಕ್ಕ ಮಂಜು ಕೆಳಗ ಐತಿ, ನಾವು ಮ್ಯಾಲ ಅದೀವಿ. ಈಗ ನೀರು ಬೀಳಾಕತ್ತೈತಿ, ಸಣ್ಣ ನೂಲಿನಂಗ. ನೀವು ನೋಡಬ್ಯಾಡ್ರಿ, ನಾ ಹೇಳ್ತೀನಿ." ತುಕಾರಾಮ ಮುಂದೆ ನೋಡುತ್ತ ಹೂಂ, ಹೂಂ ಎನ್ನುತ್ತಿದ್ದ. ಅವನ ಕಿವಿಗಳು ಮಾತ್ರ ಹಿಂದಕ್ಕಿದ್ದವು.

ರಾತ್ರಿ ರತ್ನಾಗಿರಿಯ ಒಂದು ಧರ್ಮಶಾಲೆಯಲ್ಲಿ ಇಳಿದುಕೊಂಡು, ಬೆಳಿಗ್ಗೆ ಭಾಟ್ಯೆಯ ಸಮುದ್ರದಂಡೆಗೆ ಹೋದೆವು. ಸುರುವಿನ, ಅಂದರೆ ಗಾಳಿಮರಗಳ, ನಡುವಿನಿಂದ ಸಮುದ್ರ ಕಂಡಿತು. ಬಯಲುಸೀಮೆಯ ನಾವು ಅಷ್ಟು ದೂರ ಕಣ್ಣು ಹರಿಸಿ ಬಲ್ಲವರೇ. ಆದರೆ ನಮ್ಮ ಬಯಲು ಹೀಗೆ ಎದ್ದು ನಮ್ಮ ಕಡೆ ಬಂದದ್ದಿಲ್ಲ. ಮಕ್ಕಳು ಮೊದಲು ಓಡಿದರು. ಪಂಢರಿನಾಥರು ಧೋತರದ ಅಂಚು ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿಗೆ ಇಳಿದು, ಅಲೆ ಬಂದಾಗ ಹಿಂದಕ್ಕೂ ಅದು ಹೋದಾಗ ಮುಂದಕ್ಕೂ ನಡೆಯುತ್ತ, ತುಂಬಾ ಹೊತ್ತು ಅದರೊಡನೆ ಶಿಷ್ಟಾಚಾರ ನಡೆಸಿದರು. ಆಮೇಲೆ ಕಚೇರಿಯಲ್ಲಿ ಚಹಾ ಬರುವ ಹೊತ್ತಾಯಿತೆಂದು ದಂಡೆಯ ಗಾಡಿಯೊಂದರ ಕಡೆ ಹೊರಟರು. ಕಲ್ಲಣ್ಣ ಮರಳಿನ ಮೇಲೆ ನಿಂತು ತಲೆ ಎಣಿಸುತ್ತಲೇ ಇದ್ದ. ಅಲೆ ಬಂದು ಹೋದಾಗೊಮ್ಮೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದ.

ತುಕಾರಾಮ ಮಾತ್ರ ಪ್ಯಾಂಟು ಮಡಿಚದೆ ಒಣ ಮರಳಿನಲ್ಲಿ ನಿಂತಿದ್ದ.

"ನೀವು ಇಳೀರಿ," ಎಂದಳು ಭಾಗಾಬಾಯಿ.

"ನಾ ನೋಡೀನಿ."

"ನೋಡೀರಿ. ಇಳದೀರೇನ?"

ಅವನು ಇಳಿದಿರಲಿಲ್ಲ. ಬಾಟಲಿಯಲ್ಲಿ ನೀರು ತುಂಬುವಾಗಲೂ ಒಬ್ಬ ಮೀನುಗಾರನಿಗೆ ಹೇಳಿ ತುಂಬಿಸಿದ್ದನಂತೆ. ಭಾಗಾಬಾಯಿ ಅವನ ಮೊಣಕೈ ಹಿಡಿದು ನಡೆದಳು. ಮೊಣಕಾಲುವರೆಗೆ, ತೊಡೆಯವರೆಗೆ. ಒಂದು ದೊಡ್ಡ ಅಲೆ ಬಂದು ಇಬ್ಬರನ್ನೂ ಕೂಡಿಸಿಬಿಟ್ಟಿತು. ಖಾಕಿ ಅಂಗಿಯವನೂ ಇಳಕಲ್ಲ ಸೀರೆಯವಳೂ ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ಹಿಡಿದು ಏಳಲು ಹೋಗಿ ಮತ್ತೆ ಕೂತು, ನಗುವುದನ್ನು ನಾವು ದಂಡೆಯಿಂದ ನೋಡಿದೆವು. ಪಿಂಕಿ ನಾಚಿಕೊಂಡು ಬೇರೆ ಕಡೆ ತಿರುಗಿದಳು, ಆಮೇಲೆ ತಾನೂ ಓಡಿದಳು.

ಸೀರೆ ಒಣಗುವವರೆಗೆ ಭಾಗಾಬಾಯಿ ಮರಳಿನ ಮೇಲೆ ಕೂತು ಚೀಲದಿಂದ ಶೇಂಗಾ ತೆಗೆದು ಸುಲಿಯತೊಡಗಿದಳು.

"ಇಲ್ಲೂ?" ಎಂದೆ.

"ಇವತ್ತ ರವಿವಾರ ಅಲ್ರಿ? ಕುಟ್ಟಾಕ ಆಗೂದಿಲ್ಲ, ಸುಲದಾದ್ರೂ ಇಡ್ತೀನಿ." ಅವಳ ಕಣ್ಣು ನೀರಿನ ಮೇಲಿತ್ತು, ಬೆರಳುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. "ಕೈಗಿ ಗೊತ್ತಿರೂ ಕೆಲಸ ಇದ್ರ ಕಣ್ಣಿಗಿ ಸುಟ್ಟಿ ಸಿಗತೈತಿ ನೋಡ್ರಿ ಬಾಯಾರ."

ತುಕಾರಾಮ ಬಂದು ಅವಳ ಪಕ್ಕ ಕೂತು ಒಂದು ಹಿಡಿ ಶೇಂಗಾ ತೆಗೆದುಕೊಂಡ. ಸುಲಿಯಲು ತೆಗೆದುಕೊಂಡನೆಂದು ನಾನು ತಿಳಿದೆ. ಅವನು ತಿನ್ನುತ್ತಿದ್ದ.

ಮುಂದಿನ ವರ್ಷ ಅವನು ಕೇಳಿಕೊಂಡು ಅಕ್ಕಲಕೋಟೆ ದಾರಿಗೆ ಮರಳಿದ. ರತ್ನಾಗಿರಿಯ ಬಗ್ಗೆ ಅವನಿಗೆ ಯಾವ ಸಿಟ್ಟೂ ಇರಲಿಲ್ಲ. "ಹೆಂಡತಿ ನೌಕರಿ ಇತ್ತಾಗ, ನಾ ಅತ್ತಾಗ, ಯಾಕ ಬೇಕು," ಎಂದಷ್ಟೇ ಹೇಳಿದ. ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು. ತಿಂಗಳಿಗೆ ಒಂದು ದಿನ ಅವನದು. ಅಂದು ಅವನು ಎಲ್ಲಿಗೆ ಕರೆದರೂ ಅವಳು ಹೋಗಬೇಕು, ಏನು ತಂದರೂ ತಿನ್ನಬೇಕು. ಉಳಿದ ದಿನಗಳಲ್ಲಿ ಮಂಚ ಸರಿಯಕೂಡದು. ಆ ಒಂದು ದಿನ ಯಾವುದೆಂದು ಗೊತ್ತುಮಾಡುವ ಹಕ್ಕು ಅವಳದು, ಯಾಕೆಂದರೆ ವಾರದ ಕೆಲಸ ಕೆಡಬಾರದು. ಹೀಗೆ ಅವರು ಅಕ್ಕಲಕೋಟೆ ಅರಮನೆಯ ಹಳೆಯ ಶಸ್ತ್ರಾಗಾರ ನೋಡಿದರು. ಇಷ್ಟು ವರ್ಷ ಅದೇ ಊರಿಗೆ ಬಂದು ಹೋದರೂ ಅವನು ಅದರೊಳಗೆ ಕಾಲಿಟ್ಟಿರಲಿಲ್ಲ. ಹುಲಜಂತಿಗೆ ಹೋಗಿ ಅವಳ ದೂರದ ಚಿಕ್ಕಮ್ಮ ಗುರುಬಾಯಿಯನ್ನು ಹುಡುಕಿ, ಅವಳ ಮನೆಯಲ್ಲಿ ಉಂಡು ಬಂದರು. ಕೆಲವು ತಿಂಗಳು ಎಲ್ಲಿಗೂ ಹೋಗದೆ, ಓಣಿಯ ಕಟ್ಟೆಯ ಮೇಲೆ ಐಸ್ಕ್ರೀಮು ತಿಂದು ಎದ್ದುಬರುತ್ತಿದ್ದರು. ವಸತಿಗೃಹದಲ್ಲೂ ಭಾಗಾಬಾಯಿ ತಿಂಗಳಿಗೊಂದು ಊಟವನ್ನು ಹುಡುಗಿಯರು ಕೇಳಿದ್ದಕ್ಕೆ ಬಿಟ್ಟಳು. ಅವರು ಮೊದಲು ಕೇಳಿದ್ದು ಎರಡು ನಿಮಿಷದ ಶ್ಯಾವಿಗೆ. ಚಟ್ನಿ ಹಾಕಬಾರದೆಂದು ಕರಾರು ಮಾಡಿದರು. ಅವಳು ಹಾಕಿದಳು.

೧೯೯೭ರ ಮಳೆಗಾಲದಲ್ಲಿ ತುಕಾರಾಮ ಒಂದು ದಿನ ನನ್ನ ಹತ್ತಿರ ಬಂದು ನಿಂತ. ಕೈ ಕಟ್ಟಿಕೊಂಡು ಹೇಳಿದ:

"ಬಾಯಾರ, ನಾ ಮಾತಾಡೂದು ಕನ್ನಡ, ಸಾಲಿ ಕಲತದ್ದು ಮರಾಠಿ. ಅಕ್ಕಲಕೋಟಿ ಸ್ಟ್ಯಾಂಡಿನ್ಯಾಗ ಕರ್ನಾಟಕದ ಗಾಡಿ ಬರ್ತಾವು. ಬೋರ್ಡ್ ಓದಾಕ ಬರೂದಿಲ್ಲ. ನನಗ ಅಕ್ಷರ ಕಲಸ್ರಿ."

"ಯಾವಾಗ ಕಲಸ್ಲಿ? ಹೊತ್ತು ಎಲ್ಲಿ ಅದ?"

"ಗಾಡಿ ಬಿಡೂಕಿಂತ ಮದಲ. ದಿನಕ್ಕ ಒಂದು. ಹೆಚ್ಚ ಬ್ಯಾಡ."

ಹೀಗೆ ದಿನಾಲೂ ಬೆಳಿಗ್ಗೆ, ಕಲ್ಲಣ್ಣ ಟಿಕೀಟಿನ ಪೆಟ್ಟಿಗೆ ಜೋಡಿಸಿಕೊಳ್ಳುತ್ತಿರುವಾಗ, ನಾನು ಬಸ್ಸಿನ ಮುಂದಿನ ಗಾಜಿನ ಧೂಳಿನಲ್ಲಿ ಬೆರಳಿನಿಂದ ಒಂದು ಅಕ್ಷರ ಬರೆಯುತ್ತಿದ್ದೆ. ಅವನು ಒಳಗೆ ಕೂತು ಅದನ್ನು ಉಲ್ಟಾ ನೋಡಿ ಮೊದಲೆರಡು ದಿನ ತಪ್ಪು ಕಲಿತ. ಆಮೇಲೆ ಇಳಿದು ಬಂದು ನನ್ನ ಪಕ್ಕ ನಿಂತು ನೋಡತೊಡಗಿದ. ಮಳೆ ಬಂದರೆ ಅಂದಿನ ಪಾಠ ತೊಳೆದುಹೋಗುತ್ತಿತ್ತು. ಆಗ ಪಂಢರಿನಾಥರು ಪತ್ರಿಕೆಯ ಅಂಚಿನಲ್ಲಿ ಬರೆದು ಕೊಡುತ್ತಿದ್ದರು. ಳ ಅಕ್ಷರದ ಮೇಲೆ ಅವನಿಗೆ ವಿಶೇಷ ಪ್ರೀತಿ ಹುಟ್ಟಿತು. ಅದನ್ನು ಬರೆಯುವಾಗ ಘಾಟಿನ ತಿರುವಿನಂತೆ ಕೈ ಹೊರಳಿಸಬೇಕಾಗುತ್ತದೆ ಎನ್ನುತ್ತಿದ್ದ.

ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕಲಕೋಟೆ ನಿಲ್ದಾಣದಲ್ಲಿ ಕರ್ನಾಟಕದ ಒಂದು ಬಸ್ಸು ನಮ್ಮ ಎದುರಿಗೆ ಬಂದು ನಿಂತಿತು. ಇಳಿಯುತ್ತಿದ್ದ ನಾವೆಲ್ಲ ತಡೆದು ನಿಂತೆವು. ತುಕಾರಾಮ ಸ್ಟೇರಿಂಗಿನ ಮೇಲೆ ಮುಂದಕ್ಕೆ ಬಾಗಿ, ತುಟಿ ಅಲುಗಿಸುತ್ತ ಬೋರ್ಡು ನೋಡಿದ.

"ಆ... ಳಂ... ದ," ಎಂದ. ಮತ್ತೊಮ್ಮೆ ಕೂಡಿಸಿ ಹೇಳಿದ, "ಆಳಂದ."

ಪಂಢರಿನಾಥರು ಬೆನ್ನು ತಟ್ಟಿದರು. ಭಾಗಾಬಾಯಿ ಆಗಲೇ ಬಾಗಿಲಲ್ಲಿದ್ದಳು. ಇಳಿಯುತ್ತ ಕೇಳಿದಳು, "ಆಳಂದದಾಗ ನೋಡೂವಂಥದ್ದು ಏನೈತಿ?"

"ಗೊತ್ತಿಲ್ಲ," ಎಂದ ತುಕಾರಾಮ.

"ಹಂಗಾದ್ರ ಮುಂದಿನ ತಿಂಗಳ ಎರಡನೇ ರವಿವಾರ. ಚಟ್ನಿ ಶನಿವಾರ ಕುಟ್ತೀನಿ," ಎಂದು ಹೇಳಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಹುಡುಗಿಯರ ನಾಷ್ಟಾಕ್ಕೆ ಹೊತ್ತಾಯಿತೆಂದು ಬೇಗ ಬೇಗ ನಡೆದಳು.